ಟವಲಿಲ್ಲದವನ ಸೀಟು

ಬಸ್ಸಿನ ಸೀಟಿನ ಮೇಲೆ ಬಿದ್ದ ಟವಲಿಗೆ ಇರುವ ಸಾರ್ವಭೌಮತ್ವ ನಮ್ಮ ಸೀಮೆಯಲ್ಲಿ ನೋಂದಾಯಿತ ಕ್ರಯಪತ್ರಕ್ಕೂ ಇಲ್ಲ. ಗುಬ್ಬಿಯ ನನ್ನ ಸೋದರಮಾವ ಅಣ್ಣತಮ್ಮಂದಿರ ಆಸ್ತಿಯ ವಿಷಯದಲ್ಲಿ ಯಾರ ಮಾತಿಗೂ ಜಗ್ಗದವರು. ಅಂಥವರೂ ಪರರ ಟವಲನ್ನು ಮಾತ್ರ ಮುಟ್ಟದೆ ತುಮಕೂರಿನವರೆಗೆ ನಿಂತೇ ಬರುತ್ತಿದ್ದರು. ನಾನೂ ಅದೇ ಸಂಸ್ಕಾರದಲ್ಲಿ ಬೆಳೆದವನು. ನನ್ನ ಅಧಃಪತನಕ್ಕೆ ಕಾರಣವಾದದ್ದು ಟವಲಲ್ಲ, ಟವಲಿನ ಗೈರುಹಾಜರಿ.

ಎಂಬತ್ತರ ದಶಕದ ನಡುವಿನ ಮಾತು. ನಾನಾಗ ತುಮಕೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಉತ್ತರದ ಕಡೆ ರೇಡಿಯೋದೊಳಗೆ ಬಾಂಬಿಡುತ್ತಾರಂತೆ ಎಂಬ ಸುದ್ದಿ ಹಬ್ಬಿ, ವಾರಸುದಾರರಿಲ್ಲದ ವಸ್ತುಗಳನ್ನು ಮುಟ್ಟಬೇಡಿರೆಂಬ ಹಲಗೆ ನಮ್ಮ ಬಸ್ ನಿಲ್ದಾಣಕ್ಕೂ ಬಂದಿತ್ತು. ಅದೇ ಹೊತ್ತಿಗೆ ಕುಣಿಗಲಿನಲ್ಲೊಂದು ಚರ್ಚಾಸ್ಪರ್ಧೆ. ವಿಷಯ, ‘ಭಯೋತ್ಪಾದಕ ಯಾರು?’ ಮಹಾ ಮಹಾ ದೇಶಗಳು ವರ್ಷಗಟ್ಟಲೆ ಕೂತು ಇತ್ಯರ್ಥ ಮಾಡಲಾಗದ ಈ ಪ್ರಶ್ನೆಯನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಮುಂಚೆಯೇ ತೀರ್ಮಾನಿಸಿಕೊಡಲು ಸಂಘಟಕರು ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು.

ಬಸ್ಸು ಹತ್ತಿದರೆ ಖಾಲಿಯಿದ್ದದ್ದು ಕಿಟಕಿ ಪಕ್ಕದ ಒಂದೇ ಸೀಟು. ಅದರ ಮೇಲೊಂದು ಬಟ್ಟೆಚೀಲ, ಚೀಲದಿಂದ ಇಣುಕುವ ಹಳೆಯ ರೇಡಿಯೋ. ಯಾರೋ ಸೀಟು ಹಿಡಿದಿದ್ದಾರೆಂದು ನನಗೆ ಚೆನ್ನಾಗಿಯೇ ಗೊತ್ತಿತ್ತು ಓದುಗರೇ, ನಿಮ್ಮೆದುರು ಸುಳ್ಳೇಕೆ? ಆದರೆ ಮಂಡಿನೋವಿತ್ತು, ಮೇಲಾಗಿ ಟವಲಿರಲಿಲ್ಲ. ಕಂಡಕ್ಟರನ ಕಿವಿಯ ಬಳಿ ಮೆಲ್ಲಗೆ, “ಯಾರದ್ರೀ ಈ ರೇಡಿಯೋ? ಕಾಲ ಸರಿಯಿಲ್ಲ ನೋಡಿ” ಎಂದೆ. ಅರೆ ನಿಮಿಷದಲ್ಲಿ ಬಸ್ಸು ಖಾಲಿಯಾಯಿತು.

ಪೇದೆಯೊಬ್ಬ ಬಂದು, ಲಾಠಿಯ ತುದಿಯಿಂದ ಚೀಲವನ್ನೆತ್ತಿ, ಪಕ್ಕದ ಹೋಟೆಲಿನ ಲೋಟ ತೊಳೆಯುವ ಬಕೆಟ್ಟಿನಲ್ಲಿ ಮುಳುಗಿಸಿದ. ಬಾಂಬು ನೀರಲ್ಲಿ ಸಾಯುತ್ತದೆಂಬುದು ಅಂದಿನ ವಿಜ್ಞಾನ. ಗುಳ್ಳೆ ನಿಲ್ಲುವವರೆಗೆ ಎಲ್ಲರೂ ಉಸಿರು ಬಿಗಿಹಿಡಿದೆವು. ಅಷ್ಟರಲ್ಲಿ ಆಸ್ಪತ್ರೆಯ ಕಡೆಯಿಂದ ಒಬ್ಬ ರೈತ, ಹಸುಗೂಸನ್ನೆತ್ತಿಕೊಂಡ ಮಗಳನ್ನು ಹೆಜ್ಜೆಹೆಜ್ಜೆಗೂ ಆನಿಸಿಕೊಂಡು ಬಂದವನು, ಬಕೆಟ್ಟು ನೋಡಿ ನಿಂತುಬಿಟ್ಟ.

“ನಿಂದೇನ್ಲಾ ಇದು? ಬಸ್ನಾಗೆ ಯಾಕ್ ಮಡಗಿದ್ದೆ?” ಎಂದ ಪೇದೆ.

“ಸೀಟ್ ಹಿಡಿಯಾಕೆ ಸ್ವಾಮಿ. ಮಗ್ಳಿಗೆ ಹೊಟ್ಟೆ ಕೊಯ್ದವ್ರೆ, ನಿಂತ್ಕೊಂಡ್ ಬರಾಕಾಗಲ್ಲ.”

“ಸೀಟಿಗೆ ಟವಲ್ ಹಾಕ್ತಾರೆ ಕಣಯ್ಯ, ರೇಡಿಯೋ ಹಾಕ್ತಾರಾ?”

“ಟವಲ್ಲು ಮಗೀಗೆ ಸುತ್ತಿದೀನಿ ಸ್ವಾಮಿ.”

ಎಲ್ಲರೂ ಕೂಸಿನ ಕಡೆ ನೋಡಿದರು. ಕೆಂಪಂಚಿನ ಟವಲು. ಪೇದೆಯ ದನಿ ಇಳಿಯಿತು. ಆದರೂ ಹೇಳಿಕೆ ಬರೆಸಿಕೊಳ್ಳದೆ ಬಿಡುವಂತಿರಲಿಲ್ಲವಾಗಿ ರೈತನನ್ನು ಠಾಣೆಗೆ ಕರೆದೊಯ್ದ. ಮಗಳು ಕಲ್ಲುಬೆಂಚಿನ ಮೇಲೆ ಕೂತಳು. ಕಂಡಕ್ಟರು ಸೀಟಿ ಊದಿದ, ಜನ ನುಗ್ಗಿದರು, ಕಿಟಕಿ ಪಕ್ಕದ ಸೀಟು ನನಗೇ ಸಿಕ್ಕಿತು. ಆಕೆ ಹೊಟ್ಟೆಯ ಮೇಲೊಂದು ಕೈಯಿಟ್ಟುಕೊಂಡು ಹೊರಟ ಬಸ್ಸನ್ನೇ ನೋಡುತ್ತಿದ್ದಳು. ಕೆಳಗಿಳಿದು ಎರಡು ಮಾತು ಹೇಳಿದ್ದರೆ ಸಾಕಿತ್ತು. ನಾನು ಪತ್ರಿಕೆ ಬಿಡಿಸಿ ಮುಖ ಮುಚ್ಚಿಕೊಂಡೆ. ಆ ನಾಚಿಕೆ ಇಂದಿಗೂ ಹೋಗಿಲ್ಲ.

ಕುಣಿಗಲಿನಲ್ಲಿ ವಾಗ್ಝರಿ ಹರಿಯಿತು. ನಮ್ಮ ಕಡೆಯವನು ಕೊಂದರೆ ವೀರ, ಅವರ ಕಡೆಯವನು ಕೊಂದರೆ ಉಗ್ರಗಾಮಿ, ಸರ್ಕಾರವೇ ಕೊಂದರೆ ಶಾಂತಿಪಾಲನೆ ಎಂದೊಬ್ಬ ಚಪ್ಪಾಳೆ ಗಿಟ್ಟಿಸಿದ. ಕೊನೆಗೆ ಎದ್ದ ತೆಳ್ಳನೆಯ ಹುಡುಗಿಯೊಬ್ಬಳು ತಣ್ಣಗೆ, “ತನಗೆ ಬೇಕಾದ್ದನ್ನು ದಕ್ಕಿಸಿಕೊಳ್ಳಲು ಏನೂ ತಪ್ಪು ಮಾಡದವರನ್ನು ಹೆದರಿಸುವವನೇ ಭಯೋತ್ಪಾದಕ. ಅವನ ಕೈಯಲ್ಲಿ ಬಾಂಬು ಇರಲೇಬೇಕೆಂದಿಲ್ಲ” ಎಂದು ಕೂತಳು. ನಾನು ಆಕೆಗೆ ಎರಡನೆಯ ಬಹುಮಾನ ಕೊಟ್ಟೆ.

ಸಭೆ ಮುಗಿದ ಮೇಲೆ ಹತ್ತಿರ ಬಂದು, “ನಾನೆಲ್ಲಿ ತಪ್ಪಿದೆ ಸಾರ್?” ಎಂದಳು.

“ನಿನ್ನ ವ್ಯಾಖ್ಯೆ ತೀರಾ ವಿಶಾಲವಾಯ್ತಮ್ಮ. ಯಾರ್‍ಯಾರೋ ಅದ್ರೊಳಗೆ ಬಂದ್ಬಿಡ್ತಾರೆ” ಎಂದೆ.

ಟವಲು ಹಾಸಿದ ಸೀಟನ್ನು ನಾನು ಈಗಲೂ ಮುಟ್ಟುವುದಿಲ್ಲ. ಟವಲಿಲ್ಲದ ಖಾಲಿ ಸೀಟು ಕಂಡರಂತೂ, ಯಾರಾದರೂ ಬರುವವರಿದ್ದಾರೆಯೇ ಎಂದು ಎರಡೆರಡು ಸಲ ಕೇಳಿ, ಬಸ್ಸು ಹೊರಟಮೇಲೇ ಕೂರುತ್ತೇನೆ. ಇದನ್ನು ಕಂಡ ಕಂಡಕ್ಟರುಗಳು ನನ್ನನ್ನು ಸಭ್ಯಸ್ಥರ ಸಾಲಿಗೆ ಸೇರಿಸಿದ್ದಾರೆ. ಅವರ ವ್ಯಾಖ್ಯೆಯೂ ತೀರಾ ವಿಶಾಲವಾದದ್ದೇ.