ಹ್ಯಾಸ್ಲಮ್ ಗಿರಣಿಯನ್ನು ಮೊದಲ ಪುಟಕ್ಕೆ ತಂದವಳು

ಬೆಳಕು ಹರಿಯುವ ಹೊತ್ತಿಗೆ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ನಮ್ಮೂರ ಕರ್ಲಿಂಗ್ ಕ್ಲಬ್ಬಿನಲ್ಲಿ ಇಬ್ಬರೇ ಇರುತ್ತಾರೆ. ಕೆಳಗೆ, ಮಂಜುಗಡ್ಡೆಯ ಅಂಕಣದಲ್ಲಿ, ಅದನ್ನು ನೋಡಿಕೊಳ್ಳುವ ಲಿಯಾಂಡ್ರೆ ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು ಹಿಂದೆ ಹಿಂದೆ ನಡೆಯುತ್ತ ಹನಿ ಚಿಮುಕಿಸುತ್ತಾನೆ. ಬಿದ್ದ ಹನಿ ಬಿದ್ದಲ್ಲೇ ಹೆಪ್ಪುಗಟ್ಟುತ್ತದೆ. ಮೇಲೆ, ಗಾಜಿನ ಹಿಂದಿನ ಕೋಣೆಯಲ್ಲಿ, ಜೋಸೆಟ್ ಆರ್ಸೆನೋ ಕೋಟು ಕಳಚದೆಯೇ ಲ್ಯಾಪ್‌ಟಾಪ್ ತೆರೆದಿದ್ದಾಳೆ. ಪಕ್ಕದಲ್ಲಿ ಕಾಫಿ, ಬೆಣ್ಣೆ ಸವರಿದ ಕಾಕಂಬಿ ಬ್ರೆಡ್ಡು. ಪರದೆಯ ಮೇಲೆ ಯಾವುದೋ ದೀಪಸ್ತಂಭ ಪ್ರೇಮಿಗಳ ಸಂಘದ ಪುಟ. ಅದರಲ್ಲಿರುವ ಒಂದೊಂದೇ ಕೊಂಡಿಯನ್ನು, ಅಂದರೆ ಲಿಂಕನ್ನು, ಒತ್ತಿ, ಆಚೆ ಬದಿಯಲ್ಲಿ ಯಾರಾದರೂ ಬದುಕಿದ್ದಾರೆಯೇ ಎಂದು ನೋಡುತ್ತಾಳೆ.

"ಬಲೆಗೆ ಏನಾದ್ರೂ ಬಿತ್ತಾ?" ಲಿಯಾಂಡ್ರೆ ಕೆಳಗಿನಿಂದ ಕೂಗುತ್ತಾನೆ.

"ನೀನು ಮೊದಲು ನೀರು ಚೆಲ್ಲೋದು ಮುಗಿಸು. ಆಮೇಲೆ ನನ್ನ ವಿಚಾರಣೆ."

"ನಾನು ಚೆಲ್ಲಿದ ನೀರಿನ ಮೇಲೆ ಸಂಜೆ ಜನ ಕಲ್ಲು ಜಾರಿಸ್ತಾರೆ. ನೀನು ಒತ್ತಿದ್ದರ ಮೇಲೆ ಏನು ಜಾರುತ್ತೆ?"

"ಕಾಫಿ ಆರ್ತಾ ಇದೆ, ಬಾ. ಬಾಯಿಗೆ ಅದನ್ನಾದ್ರೂ ಹಾಕ್ಕೋ."

ಜೋಸೆಟ್‌ಳ ಕೆಲಸವೆಂದರೆ ಸಣ್ಣ ವ್ಯಾಪಾರದವರ ವೆಬ್‌ಸೈಟುಗಳನ್ನು ಸರ್ಚ್‌ನಲ್ಲಿ ಮೇಲಕ್ಕೆ ತರುವುದು. ಹೊಸ ಊರಿನಲ್ಲಿ ಇಳಿದು ಒಳ್ಳೆ ಚಮ್ಮಾರ ಎಲ್ಲಿದ್ದಾನೆಂದು ಕೇಳಿದಾಗ ನಾಲ್ಕು ಜನ ಒಂದೇ ಅಂಗಡಿಯ ಕಡೆ ಕೈ ತೋರಿಸಿದರೆ ನಾವು ಅಲ್ಲಿಗೇ ಹೋಗುತ್ತೇವೆ. ಸರ್ಚ್ ಕೂಡ ಬಹುಮಟ್ಟಿಗೆ ಹಾಗೆಯೇ. ಒಬ್ಬರ ಪುಟದಲ್ಲಿ ಇನ್ನೊಬ್ಬರ ಪುಟದ ಕೊಂಡಿ ಇದ್ದರೆ ಅದು ಅಂಥದೊಂದು ಕೈ. ಆ ಕೈಗಳನ್ನು ಸಂಪಾದಿಸುವುದು ಇವಳ ಪಾಡು. ಕಾಸು ಕೊಟ್ಟು ಕೊಳ್ಳುವವರಿದ್ದಾರೆ. ಇವಳು ಕೊಳ್ಳುವುದಿಲ್ಲ. ಅಪರಿಚಿತರ ಪುಟಗಳಲ್ಲಿ ಸತ್ತುಹೋದ ಕೊಂಡಿಗಳನ್ನು ಹುಡುಕಿ, ಇದು ಇಲ್ಲಿ ಮುರಿದಿದೆ, ಸರಿಯಾದ ವಿಳಾಸ ಇದು ಎಂದು ಬರೆಯುತ್ತಾಳೆ; ಹೊಂದುವಂತಿದ್ದರೆ ಜೊತೆಗೆ ತನ್ನ ಗಿರಾಕಿಯ ಪುಟವನ್ನೂ ಸೂಚಿಸುತ್ತಾಳೆ. ದಿನಕ್ಕೆ ಇಪ್ಪತ್ತು, ಮೂವತ್ತು ಪತ್ರ. ಒಂದಕ್ಕೆ ಉತ್ತರ ಬಂದರೆ ಆ ದಿನ ಹಬ್ಬ.

"ಬೈದು ಬರೆದ್ರೂ ಪರವಾಗಿಲ್ಲ, ಯಾರೋ ಓದಿದ್ರು ಅಂತಾಯ್ತಲ್ಲ," ಅನ್ನುತ್ತಾಳೆ. "ಒಬ್ಬ ಮಹಾನುಭಾವ ಉತ್ತರದ ಬದಲು ತನ್ನ ನಾಯಿಯ ಹಿಂಭಾಗದ ಫೋಟೋ ಕಳಿಸಿದ್ದ. ಚೆನ್ನಾಗಿ ಸಾಕಿದ ನಾಯಿ."

ಏಡಿ ಸಂಸ್ಕರಿಸುವ ಕಾರ್ಖಾನೆಯಲ್ಲಿ ಹನ್ನೊಂದು ಹಂಗಾಮು ನಿಂತು ಕಾಲು ಮರಗಟ್ಟಿಸಿಕೊಂಡವಳು ಜೋಸೆಟ್. ಕಾರ್ಖಾನೆ ಮುಚ್ಚಿದ ಮೇಲೆ ಮಾಂಕ್ಟನ್‌ನಲ್ಲಿ ಹೋಟೆಲೊಂದರ ಫೋನು ಎತ್ತಿದಳು. ಅಲ್ಲಿ ಕರೆ ಮಾಡಿದವರನ್ನೆಲ್ಲ ನಮ್ಮನ್ನು ಹೇಗೆ ಕಂಡುಹಿಡಿದಿರಿ ಎಂದು ಕೇಳುವ ನಿಯಮವಿತ್ತು. ಉಳಿದವರು ಕೇಳಿ ಮರೆಯುತ್ತಿದ್ದರು, ಇವಳಿಗೆ ಅದೇ ಗೀಳಾಯಿತು. ರಾತ್ರಿ ಕೂತು ತಾನೇ ಕಲಿತಳು. ಮೊದಲ ಗಿರಾಕಿ ಸೋದರಸಂಬಂಧಿ, ಶೌಚಗುಂಡಿ ಖಾಲಿ ಮಾಡುವವನು. "ಅದರ ಹೆಸರನ್ನ ಯಾರೂ ಬಾಯಲ್ಲಿ ಎತ್ತಲ್ಲ. ಆದ್ರೆ ಮನೆ ತುಂಬ ನೆಂಟರಿರೋವಾಗ ಅದು ಉಕ್ಕಿ ಬಂದ್ರೆ ಎಲ್ರೂ ಫೋನ್ ಹಿಡ್ಕೊಂಡು ಹುಡುಕ್ತಾರೆ. ಅಂಥವನಿಗೇ ಕೈ ತೋರಿಸೋ ಜನ ಸಿಕ್ಕಿದ್ರು ಅಂದ್ಮೇಲೆ ಯಾರಿಗೆ ಸಿಗಲ್ಲ?"

ಆದರೆ ಹೋದ ಚಳಿಗಾಲ ಅವಳ ಕೈಗೆ ಬಂದದ್ದು ಬೇರೆಯೇ ಸಂಕಟ.

ನದಿಯಂಚಿನ ಹ್ಯಾಸ್ಲಮ್ ಗಿರಣಿ ಕುರಿಗಾರರಿಂದ ಉಣ್ಣೆ ತರಿಸಿಕೊಂಡು, ತೊಳೆದು, ಹಿಂಜಿ, ನೂತು, ನೂಲನ್ನು ಅವರಿಗೇ ಮರಳಿಸುತ್ತದೆ. ಸುತ್ತಮುತ್ತ ಈ ಕೆಲಸ ಮಾಡುವ ಗಿರಣಿ ಇನ್ನೊಂದಿಲ್ಲ. ಅದು ನಿಂತರೆ ಸಣ್ಣ ಹಿಂಡಿನವರು ಉಣ್ಣೆಯನ್ನು ಗುಂಡಿ ತೋಡಿ ಹೂಳಬೇಕು, ಅಷ್ಟೇ. ಶರತ್ಕಾಲದಲ್ಲಿ ಮಾಲೀಕ ಮೆರಿಲ್ ಹ್ಯಾಸ್ಲಮ್ ಹೊಸ ವೆಬ್‌ಸೈಟ್ ಮಾಡಿಸಿದ. ಚಂದವಾಗಿತ್ತು. ಆದರೆ ಮಾಡುವಾಗ ಪ್ರತಿ ಪುಟದ ವಿಳಾಸವೂ ಬದಲಾಗಿತ್ತು, ಹಳೆಯದರಿಂದ ಹೊಸದಕ್ಕೆ ದಾರಿ ಬಿಟ್ಟಿರಲಿಲ್ಲ. ಇಪ್ಪತ್ತು ವರ್ಷಗಳಿಂದ ಹೆಣಿಗೆಯವರು ತಮ್ಮ ಪುಟಗಳಲ್ಲಿ ಹಾಕಿಕೊಂಡು ಬಂದಿದ್ದ ಕೊಂಡಿಗಳೆಲ್ಲ ಒಂದೇ ದಿನ ಗೋಡೆಗೆ ಹೋಗಿ ಬಡಿದವು. ಗಿರಣಿ ಸರ್ಚ್‌ನಲ್ಲಿ ಜಾರಿತು. ಗಾಬರಿಬಿದ್ದ ಮೆರಿಲ್ ಫೋನಿನಲ್ಲಿ ಸಿಕ್ಕ ಯಾರಿಂದಲೋ ಕೊಂಡಿಗಳನ್ನು ಸಗಟಾಗಿ ಕೊಂಡ. ಕಾಸಿನ ಕೊಂಡಿಗಳೆಂದು ಸರ್ಚ್ ಪತ್ತೆಹಚ್ಚಿತು, ಗಿರಣಿ ಫಲಿತಾಂಶಗಳ ಆರನೆಯ ಪುಟಕ್ಕೆ ಹೋಗಿ ಕೂತಿತು. ಕ್ರಿಸ್‌ಮಸ್‌ಗೆ ಮುಂಚೆ ಕೆಲಸಗಾರರನ್ನು ಕರೆದು ಹೇಳಿಬಿಟ್ಟ: ವಸಂತದಲ್ಲಿ ಉಣ್ಣೆ ಕತ್ತರಿಸುವ ಹೊತ್ತಿಗೆ ಬುಕಿಂಗ್ ಬರದಿದ್ದರೆ ಯಂತ್ರ ಶುರು ಮಾಡುವುದಿಲ್ಲ, ಹಿಂಜುವ ಯಂತ್ರವನ್ನು ಮ್ಯೂಸಿಯಮ್ಮಿಗೆ ಕೊಡುತ್ತೇನೆ.

ಆ ವಾರವೇ ಜೋಸೆಟ್‌ಳನ್ನು ಕರೆಸಿದ.

"ಸಾವಿರ ಲಿಂಕ್ ಹಾಕಿಸಿದೀನಿ, ಜೋಸೆಟ್. ಪೂರ್ತಿ ಸಾವಿರ."

"ನೋಡ್ದೆ, ಎಲ್ಲಾ ಜೂಜಿನ ಸೈಟುಗಳು. ನಿಮ್ಮ ನೂಲು ಚೆನ್ನಾಗಿದೆ ಅಂತ ಜೂಜಿನ ಅಡ್ಡೆಯವರು ಹೇಳಿದ್ರೆ ಯಾರು ನಂಬ್ತಾರೆ, ಮೆರಿಲ್?"

"ಜೂಜಾಡೋರಿಗೆ ಚಳಿ ಆಗಲ್ವಾ?"

"ಸೋತು ಸೋತು ಅವರ ಅಂಗಿನೂ ಹೋಗಿರುತ್ತೆ. ಸ್ವೆಟರ್ ಯಾರು ಕೊಡಿಸ್ತಾರೆ?"

ಹಳೆಯ ವಿಳಾಸಗಳಿಂದ ಹೊಸವಕ್ಕೆ ದಾರಿ ಮಾಡಿಕೊಡುವುದು ಎರಡು ದಿನದ ಕೆಲಸವಾಯಿತು. ಕೊಂಡ ಕೊಂಡಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಸರ್ಚ್‌ನವರಿಗೆ ತಿಳಿಸುವುದೂ ಮುಗಿಯಿತು. ಗಿರಣಿ ಅಲುಗಲಿಲ್ಲ. ಕಳೆದುಕೊಂಡ ನಂಬಿಕೆಯನ್ನು ಮತ್ತೆ ಕೊಡಬಲ್ಲ ಪುಟ ಒಂದೇ ಇತ್ತು. ಅದು ಲೂನನ್‌ಬರ್ಗ್ ಕಡೆಯ ವೈನಾ ಕಾರ್ಕಮ್ ಎಂಬ ಎಂಬತ್ತು ದಾಟಿದ ಹೆಣಿಗೆಗಾರ್ತಿಯದು. ಯಾವ ಗಿರಣಿ ಹೇಗೆ ನೂಲುತ್ತದೆಂದು ತಾನೇ ಪರೀಕ್ಷಿಸಿ ಬರೆಯುವ ಅಜ್ಜಿ. ಕುರಿಗಾರರ ಸಂಘಗಳು, ಹೆಣಿಗೆ ಮಂಡಳಿಗಳು, ಗ್ರಂಥಾಲಯಗಳು, ಎಲ್ಲರೂ ಕೊಂಡಿ ಕೊಡುವುದು ಅವಳ ಪುಟಕ್ಕೆ. ಹ್ಯಾಸ್ಲಮ್‌ನ ಕೊಂಡಿ ಕೆಲಸ ಮಾಡುತ್ತಿಲ್ಲವೆಂದು ಓದುಗರು ದೂರಿದಾಗ ಅವಳು ಗಿರಣಿಯ ಹೆಸರನ್ನೇ ಅಳಿಸಿಹಾಕಿದ್ದಳು.

ಜೋಸೆಟ್ ಈ ಸಲ ಬರೆಯಲಿಲ್ಲ, ಫೋನ್ ಮಾಡಿದಳು.

"ಲಿಂಕ್ ಕೇಳೋಕಾದ್ರೆ ಫೋನ್ ಈಗಲೇ ಇಟ್ಬಿಡು ಮಗಳೇ," ಅಂದಳು ಅಜ್ಜಿ. "ದಿನಾ ಕೇಳ್ತಾರೆ. ನಿನ್ನೆ ಒಬ್ಬ ನನ್ನನ್ನ ಮಾನ್ಯರೇ ಅಂದ, ಹಲ್ಲು ಬೆಳ್ಳಗಾಗೋ ಪುಡಿ ಮಾರೋನು. ನನ್ನ ಹಲ್ಲು ಲೋಟದಲ್ಲಿರುತ್ತೆ."

"ಕೇಳೋಕಲ್ಲ. ನಿಮ್ಮ ಪುಟದಲ್ಲಿ ಒಂಬತ್ತು ಗಿರಣಿಗಳ ಕೊಂಡಿ ಸತ್ತಿದೆ. ಮೂರು ಗಿರಣಿ ಮುಚ್ಚಿವೆ, ಉಳಿದವರ ಹೊಸ ವಿಳಾಸ ಹುಡುಕಿಟ್ಟಿದೀನಿ."

"ಆ ಒಂಬತ್ತರಲ್ಲಿ ನಿನ್ನದು ಯಾವುದು?"

"ಒಂದೂ ಇಲ್ಲ. ನನ್ನದನ್ನ ನೀವು ಆಗಲೇ ಕಿತ್ತು ಹಾಕಿದೀರಿ. ಹ್ಯಾಸ್ಲಮ್."

ಆಚೆ ಕಡೆ ಹೆಣಿಗೆಯ ಸೂಜಿಗಳನ್ನು ಕೆಳಗಿಟ್ಟ ಸದ್ದು. "ಒಂದು ಮುದಿ ಟಗರಿನ ಉಣ್ಣೆ ಇದೆ ನನ್ನ ಹತ್ರ," ಅಂದಳು ಅಜ್ಜಿ. "ಎರಡು ಗಿರಣಿಯವರು ಕೈಮುಗಿದು ವಾಪಸ್ ಕಳಿಸಿದಾರೆ. ಮೆರಿಲ್ ನೂತು ಕೊಡ್ಲಿ. ಚೆನ್ನಾಗಿದ್ರೆ ಬರೀತೀನಿ. ಕೆಟ್ಟಿದ್ರೂ ಬರೀತೀನಿ."

ಮೂಟೆ ಬಂತು. ಮುಳ್ಳು, ಹುಲ್ಲು, ಸಗಣಿ, ನಡುವೆ ಒಂದಿಷ್ಟು ಉಣ್ಣೆ. ಮೆರಿಲ್ ನೋಡಿ ಕೂತುಬಿಟ್ಟ. "ಆ ಮುದುಕಿ ಕೆಟ್ಟದು ಅಂತ ಬರೆದ್ರೆ ವಸಂತದವರೆಗೂ ಕಾಯೋದೇ ಬೇಡ, ನಾಳೇನೇ ಬೀಗ ಹಾಕಬಹುದು."

"ಹಾಗಾದ್ರೆ ವಾಪಸ್ ಕಳಿಸೋಣ್ವಾ?"

"ಕಳಿಸೋಕೆ ನಾನೇನು ಆ ಇನ್ನಿಬ್ಬರಾ?"

ವಾರಗಟ್ಟಲೆ ಅವನು ಕೈಯಲ್ಲೇ ಮುಳ್ಳು ಆರಿಸಿದ, ಗೊಣಗುತ್ತಲೇ. ಟಗರನ್ನು ಹೀಗೆ ಮೇಯಿಸಬಾರದು, ಹುಲ್ಲನ್ನು ತಲೆಯ ಮೇಲಿಂದ ಹಾಕಿದರೆ ಕುತ್ತಿಗೆಯ ಉಣ್ಣೆ ಹಾಳು, ಹೊಟ್ಟೆಯದನ್ನು ಬೇರೆ ಚೀಲಕ್ಕೆ ಹಾಕಲು ಯಾರಿಗೂ ಬರುವುದಿಲ್ಲ. ಜೋಸೆಟ್ ಫೋನನ್ನು ಅವನ ಪಕ್ಕದಲ್ಲಿಟ್ಟು ಎಲ್ಲವನ್ನೂ ಹಿಡಿದಿಟ್ಟಳು. ಬೈಗುಳ ತೆಗೆದಳು, ಉಳಿದದ್ದನ್ನು ಗಿರಣಿಯ ಸೈಟಿನಲ್ಲಿ ಹೊಸ ಪುಟವಾಗಿ ಹಾಕಿದಳು: ಉಣ್ಣೆ ಕಳಿಸುವ ಮುಂಚೆ ಮಾಡಬೇಕಾದದ್ದು. "ಬೈಗುಳ ತೆಗೆದ್ಮೇಲೆ ಅರ್ಧ ಉಳೀತು," ಅನ್ನುತ್ತಾಳೆ. "ಆದ್ರೆ ಆ ಅರ್ಧ ಇನ್ನೆಲ್ಲೂ ಸಿಗಲ್ಲ."

ಫೆಬ್ರವರಿಯಲ್ಲಿ ವೈನಾ ಕಾರ್ಕಮ್ ತನ್ನ ಪುಟದಲ್ಲಿ ಹೀಗೆ ಬರೆದಳು: ನಾನೇ ಕೈಬಿಟ್ಟಿದ್ದ ಟಗರು ಇದು. ಇದರ ನೂಲಿನಲ್ಲಿ ಕೈಗವಸು ಹೆಣೆದು ಹಾಕಿಕೊಂಡಿದ್ದೇನೆ. ಹ್ಯಾಸ್ಲಮ್ ಮತ್ತೆ ಇಲ್ಲಿದೆ. ಮೆರಿಲ್ ಹೇಳುವುದನ್ನು ಕುರಿ ಸಾಕುವವರೆಲ್ಲ ಒಮ್ಮೆ ಓದಿ. ಕೆಳಗೆ ಎರಡು ಕೊಂಡಿ. ಅಜ್ಜಿಯ ಬೆನ್ನಿಗೇ ಕುರಿಗಾರರ ಸಂಘಗಳು ಬಂದವು, ಕೃಷಿ ಶಾಲೆಯೊಂದು ಬಂತು, ಹೆಣಿಗೆಯವರ ಪುಟಗಳು ಬಂದವು. ಜೋಸೆಟ್ ಅವರಲ್ಲಿ ಯಾರನ್ನೂ ಕೇಳಿರಲಿಲ್ಲ. ಗಿರಣಿ ಮೂರನೆಯ ಪುಟಕ್ಕೆ ಏರಿತು, ಎರಡನೆಯದಕ್ಕೆ, ಮೊದಲನೆಯದರ ತಳಕ್ಕೆ.

ಮಾರ್ಚ್‌ನ ಒಂದು ಬೆಳಿಗ್ಗೆ ಜೋಸೆಟ್ ಗಾಜು ಬಡಿದು ಲಿಯಾಂಡ್ರೆಯನ್ನು ಮೇಲಕ್ಕೆ ಕರೆದಳು. ಅವನು ಡಬ್ಬಿ ಹೊತ್ತುಕೊಂಡೇ ಬಂದು ಪರದೆ ನೋಡಿದ.

"ಹ್ಯಾಸ್ಲಮ್ ಗಿರಣಿ ಅಂತಿದೆ. ಅದಕ್ಕೇನೀಗ?"

"ಅದರ ಮೇಲೆ ಯಾರಿದಾರೆ ನೋಡು."

ಅವನು ಬಗ್ಗಿ ನೋಡಿದ. "ಯಾರೂ ಇಲ್ಲ."

"ಇನ್ನೊಂದ್ಸಲ ಹೇಳು."

"ಯಾರೂ ಇಲ್ಲ, ಮಾರಾಯ್ತಿ."

ಕ್ಲಬ್ಬಿನ ಬಾರಿನ ಮೇಲೊಂದು ಹಿತ್ತಾಳೆ ಗಂಟೆಯಿದೆ, ದೊಡ್ಡ ಪಂದ್ಯ ಗೆದ್ದವರಿಗೆ ಮಾತ್ರ ಬಾರಿಸುವುದು. ಲಿಯಾಂಡ್ರೆ ಹೋಗಿ ಅದನ್ನು ಬಾರಿಸಿದ. ಕೇಳುವವರು ಯಾರೂ ಇರಲಿಲ್ಲ. ಕೈ ಸೋಲುವವರೆಗೂ ಬಾರಿಸಿದ.

ಈಗ ಏಪ್ರಿಲ್. ಗಿರಣಿಯ ಅಂಗಳದ ಕೆಸರಿನಲ್ಲಿ ಪಿಕಪ್ ಟ್ರಕ್ಕುಗಳ ಸಾಲು, ಪ್ರತಿಯೊಂದರಲ್ಲೂ ಉಣ್ಣೆಯ ಮೂಟೆ. ಒಳಗೆ ಹಿಂಜುವ ಯಂತ್ರದ ಗುಡುಗು, ಎರಡು ಪಾಳಿ. ಶರತ್ಕಾಲದವರೆಗೆ ಬುಕಿಂಗ್ ತುಂಬಿದೆ. ಮೆರಿಲ್ ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿದ್ದಾನೆ, ಕಟ್ಟಿದ ಗಂಟಲಲ್ಲೇ ಜೋಕು ಹೊಡೆಯುತ್ತಿದ್ದಾನೆ. ಜೋಸೆಟ್ ಇವತ್ತು ಬಂದಿರುವುದು ಸುಮ್ಮನೆ ನೋಡಿಕೊಂಡು ಹೋಗಲು.

ಸೇತುವೆ ದಾಟಿ ಪಕ್ಕದ ದ್ವೀಪದಿಂದ ಬಂದ ಕುರಿಗಾರ್ತಿಯೊಬ್ಬಳು ಟ್ರಕ್ಕಿನ ಹಿಂಬಾಗಿಲು ಇಳಿಸುತ್ತಾಳೆ. ಇಲ್ಲಿಗೆ ಬರುತ್ತಿರುವುದು ಇದೇ ಮೊದಲು. ಜೋಸೆಟ್ ಹಳೆಯ ಅಭ್ಯಾಸದಂತೆ ಕೇಳುತ್ತಾಳೆ, "ಗಿರಣಿ ಹೇಗೆ ಸಿಕ್ತು ನಿಮಗೆ?"

"ಸಿಗೋದೇನು? ಫೋನಲ್ಲಿ ನೋಡ್ದೆ, ಮೊದಲನೇದೇ ಇದು. ಇಷ್ಟು ಒಳ್ಳೆ ಗಿರಣಿ, ಮೊದಲಲ್ಲೇ ಇರಲೇಬೇಕಲ್ಲ."

ಮೆರಿಲ್ ಜೋಸೆಟ್‌ಳ ಕಡೆ ಕೈ ತೋರಿಸಿ ಏನೋ ಹೇಳಲು ಬಾಯಿ ತೆರೆಯುತ್ತಾನೆ. ಅವಳು ಅವನ ತೋಳು ಹಿಡಿದು ಪಕ್ಕಕ್ಕೆ ಎಳೆಯುತ್ತಾಳೆ.

"ಸುಮ್ನಿರಿ."

"ಯಾಕೆ? ಯಾರು ಮಾಡಿದ್ದು ಅಂತ ಅವಳಿಗೂ ಗೊತ್ತಾಗ್ಲಿ."

"ಇರಲೇಬೇಕಲ್ಲ ಅಂದ್ಲು, ಕೇಳಿಸ್ತಾ? ಚಳಿಗಾಲ ಪೂರ್ತಿ ದುಡಿದದ್ದು ಆ ಒಂದು ಮಾತಿಗೆ. ಅದನ್ನ ಹಾಳು ಮಾಡ್ಬೇಡಿ."