ಹೆಂಗಸರ ವೇಟಿಂಗ್ ರೂಮಿನ ಬೀರವ್ವ

ಹುಬ್ಬಳ್ಳಿ ಜಂಕ್ಷನ್ನಿನ ಹೆಂಗಸರ ವೇಟಿಂಗ್ ರೂಮಿಗೆ ಸ್ವಚ್ಛತೆ ಕಾಪಾಡಿ ಎಂಬ ಒಂದು ಬೋರ್ಡಿತ್ತು. ಅದಕ್ಕೆ ಯಾರೂ ಕಿಮ್ಮತ್ತು ಕೊಡುತ್ತಿರಲಿಲ್ಲ. ಆದರೆ ಒಳಗೆ ಬೀರವ್ವ ಇದ್ದಳು, ಅವಳ ಕೈಯಲ್ಲಿನ ಕಸಬರಿಗೆಗೆ ಮಾತ್ರ ಎಲ್ಲರೂ ಕಿಮ್ಮತ್ತು ಕೊಡುತ್ತಿದ್ದರು. ಕಾಲು ಎತ್ತಿ ಅಂದರೆ ಎತ್ತಬೇಕು, ಬಾಳೆಹಣ್ಣಿನ ಸಿಪ್ಪೆ ಹೊರಗೆ ಅಂದರೆ ಹೊರಗೆ. ಗುತ್ತಿಗೆದಾರನ ಕೈಕೆಳಗಿನ ಕಸಗುಡಿಸುವ ಕೆಲಸ, ದರ್ಬಾರು ಮಾತ್ರ ಸ್ಟೇಷನ್ ಮಾಸ್ತರನದು.

ನಾನು ರಾಣೆಬೆನ್ನೂರಿನವಳು, ನಿರ್ಮಲಾ. ಹುಬ್ಬಳ್ಳಿಯ ಒಂದು ಬೀಜದ ಕಂಪನಿಯ ಆಫೀಸಿನಲ್ಲಿ ಕೆಲಸ. ಬೆಳಗಿನ ಗಾಡಿಗೆ ಹೋಗುವುದು, ಸಂಜೆಯ ಗಾಡಿಗೆ ಬರುವುದು. ಬೀರವ್ವನ ಊರು ಕುಪ್ಪೇಲೂರು, ಆದರೆ ಗಂಡ ಹೋದ ಮೇಲೆ ಅವಳಿದ್ದದ್ದು ರಾಣೆಬೆನ್ನೂರಿನ ತಮ್ಮನ ಮನೆಯಲ್ಲಿ. ಹಾಗಾಗಿ ಇಬ್ಬರಿಗೂ ಒಂದೇ ಗಾಡಿ, ಒಂದೇ ಡಬ್ಬಿ. ದೇವರಗುಡ್ಡ ದಾಟುವಾಗ ಅವಳು ಗುಡ್ಡದ ದೇವರು ಮಾಲತೇಶನಿಗೆ ಕೈಮುಗಿಯುತ್ತಿದ್ದಳು. ಬ್ಯಾಡಗಿಯಲ್ಲಿ ಯಾರಾದರೂ ಮೆಣಸಿನಕಾಯಿ ಚೀಲ ಹತ್ತಿಸಿದರೆ ಡಬ್ಬಿಗೆ ಡಬ್ಬಿಯೇ ಸೀನುತ್ತಿತ್ತು. ಹಾವೇರಿಯಲ್ಲಿ ಜನ ಇಳಿದು ಸೀಟು ಸಡಿಲಾದ ಮೇಲೆ ಅವಳ ಮಾತು ಶುರು.

ಮಾತೆಲ್ಲ ಜಂಕ್ಷನ್ನಿನದೇ. ಬೆಂಗಳೂರು ಕಡೆಯ ಹಳಿ, ಗದಗಿನ ಹಳಿ, ಲೋಂಡಾ ಹಳಿ ಕೂಡುವ ಜಾಗ ಅದು. ಮಹಡಿ ಮೇಲೆ ಮಲಗುವ ಕೋಣೆಗಳಿವೆ, ಸಾಮಾನು ಇಟ್ಟು ಚೀಟಿ ಪಡೆಯುವ ಕ್ಲೋಕ್ ರೂಮಿದೆ, ಊಟದ ಕೋಣೆಯಿದೆ, ತಣ್ಣೀರಿನ ನಲ್ಲಿಯಿದೆ. ಹೊಸ ರೈಲ್ವೆ ವಲಯದ ಕಚೇರಿ ಹುಬ್ಬಳ್ಳಿಗೆ ಬಂದಾಗಲಂತೂ ತನಗೇ ಬಡ್ತಿ ಸಿಕ್ಕ ಹಾಗೆ ನಡೆದುಕೊಂಡಳು. ನನಗೆ ಕೆಲವೊಮ್ಮೆ ತಲೆ ಚಿಟ್ಟು ಹಿಡಿಯುತ್ತಿತ್ತು, ಆದರೆ ಅವಳ ಅಭಿಮಾನಕ್ಕೆ ಕಾರಣವಿತ್ತು. ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕಿದ ಕಾಲದಲ್ಲಿ ಅವಳ ಗಂಡ ಮೈಲಪ್ಪ ಅಲ್ಲಿ ಜಲ್ಲಿ ಹೊತ್ತಿದ್ದ. ಒಂದು ಮಳೆಗಾಲದಲ್ಲಿ ಕೆಲಸಕ್ಕೆಂದು ಹೋದವನು ತಿರುಗಿ ಬರಲಿಲ್ಲ.

ಕೆಲವು ವಾರಗಳ ಮೇಲೆ ಹಳಿಯ ಪಕ್ಕದ ಹಳ್ಳದಲ್ಲಿ ಒಂದು ಹೆಣ ಸಿಕ್ಕಿತು. ನೀರಿನಲ್ಲಿದ್ದ ಹೆಣ, ಮುಖ ಮುಖವಾಗಿ ಉಳಿದಿರಲಿಲ್ಲ. ಉಡದಾರದಲ್ಲಿ ಮಾತ್ರ ಒಂದು ಪುಟ್ಟ ಗಂಟು ಇತ್ತು. ಮಾಲತೇಶನಿಗೆ ಹರಕೆ ಹೊತ್ತ ಮನೆಗಳಲ್ಲಿ ಹೀಗೊಂದು ರೂಢಿಯಿತ್ತು: ಗಂಡ ದೂರ ದುಡಿಯಲು ಹೊರಟರೆ ಹೆಂಡತಿ ತನ್ನ ಮದುವೆ ಸೀರೆಯ ಅಂಚು ಕತ್ತರಿಸಿ, ಅದರಲ್ಲಿ ದೇವರಗುಡ್ಡದ ಭಂಡಾರ, ಅಂದರೆ ಪೂಜೆಯ ಅರಿಸಿನ ಪುಡಿ, ಕಟ್ಟಿ, ಅವನ ಉಡದಾರಕ್ಕೆ ಬಿಗಿಯುತ್ತಿದ್ದಳು. ಆ ಕೆಂಪು ಅಂಚಿನ ಗಂಟು ಕಂಡದ್ದೇ ಬೀರವ್ವ ನೆಲಕ್ಕೆ ಕುಸಿದಳು. ಹೆಣದ ಎಡಗಿವಿಯ ಹಾಲೆ ಸೀಳಿತ್ತು. ಮೈಲಪ್ಪನ ಕಿವಿ ಸೀಳಿರಲಿಲ್ಲ. ಕಲ್ಲಿಗೆ ತಾಗಿ ಹರಿದಿರಬೇಕು ಅಂದುಕೊಂಡಳು. ಕುಪ್ಪೇಲೂರಿಗೆ ತಂದು ಹೊಲದ ಬದುವಿನಲ್ಲಿ ಮಣ್ಣು ಮಾಡಿದರು.

ಇದನ್ನೆಲ್ಲ ಅವಳು ನನಗೆ ಎಷ್ಟೋ ಸಲ ಹೇಳಿದ್ದಳು, ಕಿವಿಯ ವಿಷಯವೊಂದನ್ನು ಬಿಟ್ಟು. ಅದು ಗೊತ್ತಾದದ್ದು ಗುಡ್ಡವ್ವ ಬಂದ ಮೇಲೆ.

ಗುಡ್ಡವ್ವ ಹೊಸರಿತ್ತಿಯ ಕಡೆಯವಳು, ಬೀರವ್ವನ ವಾರಿಗೆಯವಳೇ. ಅಮಾವಾಸ್ಯೆಗೊಮ್ಮೆ ವೇಟಿಂಗ್ ರೂಮಿಗೆ ಬಂದು ಮೂಲೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಎಲ್ಲಿಗೂ ಹೋಗುತ್ತಿರಲಿಲ್ಲ, ಸಂಜೆ ತನಕ ಕೂತು ಊರಿಗೆ ತಿರುಗುತ್ತಿದ್ದಳು. ಬುತ್ತಿ ಬಿಚ್ಚಿದರೆ ರೊಟ್ಟಿ ಎರಡು ಪಾಲು. ಗಾಡಿ ಎಷ್ಟೇ ತಡವಾಗಿರಲಿ, ಮೈಕಿನಲ್ಲಿ ಕೂಗುವುದಕ್ಕೆ ಮೊದಲೇ ಎದ್ದು ಬಾಗಿಲಿಗೆ ಹೋಗುತ್ತಿದ್ದಳು. ಅವಳು ಎದ್ದಳೆಂದರೆ ಗಾಡಿ ಬಂತೆಂದು ಉಳಿದ ಹೆಂಗಸರೂ ಚೀಲ ಎತ್ತಿಕೊಳ್ಳತೊಡಗಿದರು.

ನನಗೆ ಇಂಥ ವಿಷಯಗಳಲ್ಲಿ ನಂಬಿಕೆ ಕಡಿಮೆ. ವರ್ಷಾನುಗಟ್ಟಲೆ ಕೂತವರಿಗೆ ಹಳಿಯ ಸಪ್ಪಳ ಮೊದಲೇ ತಿಳಿಯುತ್ತದೆ ಎಂದು ಬೀರವ್ವನಿಗೆ ಬುದ್ಧಿ ಹೇಳಿದೆ. ಅವಳು ನನ್ನನ್ನು ಕರೆದೊಯ್ದು ಆ ಬೆಂಚು ತೋರಿಸಿದಳು. ಗುಡ್ಡವ್ವ ಆಗಷ್ಟೇ ಎದ್ದು ಹೋಗಿದ್ದಳು. ಅವಳು ಕೂತ ಜಾಗ ಸ್ವಚ್ಛವಿತ್ತು. ಅದರ ಪಕ್ಕದಲ್ಲಿ, ಯಾರೂ ಕೂರದ ಜಾಗದಲ್ಲಿ, ಹಳದಿ ಭಂಡಾರ ಉದುರಿತ್ತು. ನಾನು ಬೆರಳಿನಿಂದ ಮುಟ್ಟಿದೆ. ಅದು ಹಸಿಯಾಗಿತ್ತು. ಚೀಲದಿಂದ ಚೆಲ್ಲಿರಬೇಕು ಅಂದೆನಾದರೂ ಕೈ ತೊಳೆಯಲು ನಲ್ಲಿಗೆ ಓಡಿದೆ.

ಮುಂದಿನ ಅಮಾವಾಸ್ಯೆಗೆ ಬೀರವ್ವ ಧೈರ್ಯ ಮಾಡಿ ಮಾತಾಡಿಸಿದಳಂತೆ. ಗುಡ್ಡವ್ವ ಸುಮ್ಮನೆ ಚೀಲದಿಂದ ಒಂದು ಹಳೆಯ ಇಳಕಲ್ ಸೀರೆ ತೆಗೆದು ತೋರಿಸಿದಳು. ಅಂಚಿನಲ್ಲಿ ಒಂದು ತುಂಡು ಕತ್ತರಿಸಿ ಹೋಗಿತ್ತು. ಗಂಡ ಹಾಲಪ್ಪನೂ ದೊಡ್ಡ ಹಳಿಯ ಕೆಲಸಕ್ಕೇ ಬಂದವನು. ಸಣ್ಣವನಿದ್ದಾಗ ಎತ್ತು ಹಾಯ್ದು ಎಡಗಿವಿ ಸೀಳಿತ್ತು ಅಂದಳಂತೆ. ಅಂಥವನು ಕಂಡರೆ ನಾನು ಇಲ್ಲಿ ಕೂತಿದ್ದೇನೆ ಎಂದು ಹೇಳಬೇಕು, ಇಷ್ಟೇ ಅವಳ ಕೋರಿಕೆ. ಆ ಕಾಲಕ್ಕೆ ಸುತ್ತಿನ ಹಳ್ಳಿಗಳಲ್ಲಿ ಮದುವೆಗೆ ತರುತ್ತಿದ್ದದ್ದು ಬಹುಪಾಲು ಇಳಕಲ್ ಸೀರೆಯೇ, ಎಲ್ಲದಕ್ಕೂ ಅದೇ ಕೆಂಪು ಅಂಚು. ಬೀರವ್ವನಿಗೆ ಇದು ಹೊಳೆದದ್ದು ಅಷ್ಟು ವರ್ಷಗಳ ಮೇಲೆ, ಆ ಬೆಂಚಿನ ಮುಂದೆ ನಿಂತಾಗ.

ಅವತ್ತು ಸಂಜೆಯ ಗಾಡಿಯಲ್ಲಿ ಅವಳು ಬಾಯಿ ಬಿಟ್ಟದ್ದು ಬ್ಯಾಡಗಿ ದಾಟಿದ ಮೇಲೆ. ನಾನು ದುಡುಕಿನವಳು. ತಡ ಮಾಡದೆ ಹೇಳಿಬಿಡಬೇಕು, ಹೆಣದ ಹಕ್ಕು ಅವಳದು ಎಂದು ಜೋರು ಮಾಡಿದೆ. ಬೀರವ್ವ ಕಿಟಕಿಯ ಆಚೆಗೇ ನೋಡುತ್ತಿದ್ದಳು.

"ಹೇಳಿದ್ರ ಆಕಿ ಮುಂಡೆ ಆಗ್ತಾಳ್ರಿ ಅಕ್ಕಾರ," ಅಂದಳು. "ನಾ ಏನ್ ಆಗ್ತೇನಿ?"

 ಅಲ್ಲಿಯವರೆಗೆ ನಾನು ಲೆಕ್ಕ ಹಾಕಿದ್ದು ಗುಡ್ಡವ್ವನ ಗಂಡನದು ಮಾತ್ರ, ಮೈಲಪ್ಪನದಲ್ಲ.

ಆಮೇಲಿನ ತಿಂಗಳುಗಳಲ್ಲಿ ಬೀರವ್ವ ಸೊರಗಿದಳು. ದರ್ಬಾರು ಹೋಯಿತು. ಮೂಲೆಯ ಬೆಂಚಿನ ಕೆಳಗೆ ಗುಡಿಸಲು ಹೋದಾಗ ಗುಡ್ಡವ್ವ ತನ್ನ ಕಾಲು ಎತ್ತಿ, ಪಕ್ಕದ ಖಾಲಿ ಜಾಗದ ಕಡೆ ತಿರುಗಿ, ಸ್ವಲ್ಪ ಕಾಲು ಎತ್ತಿ ಎಂದು ಮೆಲ್ಲಗೆ ಹೇಳುತ್ತಿದ್ದಳಂತೆ. ಕಸಬರಿಗೆ ಆ ಜಾಗದಲ್ಲಿ ಏನಕ್ಕೋ ತಡೆದ ಹಾಗಾಗುತ್ತದೆ ಅಂದಳು ಬೀರವ್ವ. ನಾನು ಈ ಸಲ ಬುದ್ಧಿ ಹೇಳಲಿಲ್ಲ. ನಾನೇ ಆ ಮೂಲೆಯಲ್ಲಿ ಕೂರುವುದನ್ನು ಬಿಟ್ಟಿದ್ದೆ. ಅಲ್ಲಿ ಮಳೆನೀರಿನ, ಕೆಸರಿನ ವಾಸನೆ ಬರುತ್ತಿತ್ತು, ಸುಡುವ ಬೇಸಿಗೆಯಲ್ಲೂ.

ಕೊನೆಗೆ ಒಂದು ಅಮಾವಾಸ್ಯೆ ಗುಡ್ಡವ್ವನಿಗೆ ಜ್ವರ ಬಂದಿತ್ತು. ಬೆಂಚಿನ ಮೇಲೆ ಮಲಗಿದವಳು, ಮುಂದಿನ ಸಲ ಬರುತ್ತೇನೋ ಇಲ್ಲವೋ, ಅವರು ಬಂದರೆ ನೀನೇ ರೊಟ್ಟಿ ಕೊಡು ಎಂದಳಂತೆ. ಬೀರವ್ವ ಅವಳ ಪಕ್ಕದಲ್ಲಿ ನೆಲಕ್ಕೆ ಕೂತು ಎಲ್ಲ ಹೇಳಿಬಿಟ್ಟಳು, ಹಳ್ಳ, ಗಂಟು, ಕಿವಿ, ಹೊಲದ ಬದು. ಗುಡ್ಡವ್ವ ಅಳಲಿಲ್ಲ. ಎಲ್ಲಿ ಇಟ್ಟೀರಿ ತೋರಿಸಿ ಅಂದಳು.

ಅವಳಿಗೆ ಜ್ವರ ಬಿಟ್ಟ ಮೇಲೆ ಒಂದು ಭಾನುವಾರ ಮೂವರೂ ರಾಣೆಬೆನ್ನೂರಿನಿಂದ ಕುಪ್ಪೇಲೂರಿನ ಬಸ್ಸು ಹತ್ತಿದೆವು. ಬರಬೇಡಿ ಎಂದಿದ್ದರೂ ನಾನು ಹೋಗುವವಳೇ, ಬೀರವ್ವನನ್ನು ಒಬ್ಬಳನ್ನೇ ಬಿಡಲು ಮನಸ್ಸಾಗಲಿಲ್ಲ. ಮಟಮಟ ಮಧ್ಯಾಹ್ನ, ಹೊಲದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬದುವಿನ ಬೇವಿನ ಗಿಡದ ಕೆಳಗೆ ನಾಲ್ಕು ಕಲ್ಲು. ಗುಡ್ಡವ್ವ ಕಲ್ಲಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕೂತಳು. ಉಡದಾರದ ಗಂಟು ಬಿಚ್ಚಿದಿರೇನು ಎಂದು ಒಮ್ಮೆ ಕೇಳಿದಳು. ಇಲ್ಲ, ಹಾಗೇ ಇಟ್ಟೆವು ಎಂದಳು ಬೀರವ್ವ. ಗುಡ್ಡವ್ವ ತಲೆಯಾಡಿಸಿದಳು. ಗಾಳಿ ಇರಲಿಲ್ಲ, ಆದರೂ ನಮ್ಮ ಮೂವರ ಸೀರೆಯ ಮೇಲೂ ಹಳದಿ ಪುಡಿ ತೆಳ್ಳಗೆ ಕೂತಿತ್ತು. ಬೇವಿನ ಹೂವಿನದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಗಿಡದಲ್ಲಿ ಹೂವಿರಲಿಲ್ಲ.

ಆಮೇಲೆ ಗುಡ್ಡವ್ವ ತನ್ನ ಹಸಿರು ಬಳೆಗಳಿಗೆ ಕೈ ಹಾಕಿದಳು. ಕಲ್ಲಿಗೆ ಒಡೆಯುತ್ತಾಳೆಂದು ನಾನು ಮುಖ ತಿರುಗಿಸಿದೆ. ಒಡೆದ ಸಪ್ಪಳ ಬರಲಿಲ್ಲ. ತಿರುಗಿ ನೋಡಿದರೆ ಅವಳು ಬಳೆಗಳನ್ನು ಒಂದೊಂದಾಗಿ ಕಳಚಿ, ಬೀರವ್ವನ ಬೋಳು ಕೈ ಹಿಡಿದು ಏರಿಸುತ್ತಿದ್ದಳು. ಬೀರವ್ವ ಕೈ ಎಳೆದುಕೊಳ್ಳಲು ನೋಡಿದಳು, ಆಗಲಿಲ್ಲ.

"ನಿಮ್ಮವ್ರು ಇಲ್ಲಿ ಇಲ್ಲವ್ವ," ಅಂದಳು ಗುಡ್ಡವ್ವ. "ನೀ ಯಾಕ ಬೋಳ ಕೈಲೆ ಅಡ್ಯಾಡ್ತಿ?"

ಅವಳು ಅಲ್ಲೇ ಉಳಿದಳು, ಸಂಜೆಯ ತನಕ ಗಂಡನ ಹತ್ತಿರ ಕೂತಿರುತ್ತೇನೆ ಅಂದಳು. ನಾವಿಬ್ಬರು ಬಸ್ಸಿಗೆ ಬಂದೆವು. ಬೀರವ್ವ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು.

"ಸತ್ತಾರ ಅಂತ ಇಷ್ಟು ವರ್ಷ ಅತ್ತೇನ್ರಿ ಅಕ್ಕಾರ. ಸತ್ತವರಿಗೆ ಎಂದೂ ಅಂಜಲಿಲ್ಲ. ಬದುಕಿದ್ರ ಯಾಕ ಬರಲಿಲ್ಲ ಅವ್ರು? ಈಗ ಬಂದ್ರ ಏನ್ ಮಾಡ್ಲಿ?"

ನಾನು ಅವಳ ಕೈ ಹಿಡಿದುಕೊಂಡೆ. ಬಸ್ಸು ಒಂದೊಂದು ಹಳ್ಳಿಯಲ್ಲಿ ನಿಂತಾಗಲೂ ಹತ್ತುವ ಗಂಡಸರ ಮುಖವನ್ನು ಅವಳು ನೋಡುತ್ತಿರಲಿಲ್ಲ. ನಾನು ನೋಡುತ್ತಿದ್ದೆ.