ಗಿಣಿಯ ಕತ್ತಿನ ಹಿಂದೆ ನೂಲು

ಇದನ್ನು ನೀವು ನಂಬುವುದಿಲ್ಲ. ಪರವಾಗಿಲ್ಲ, ನನ್ನ ಕ್ಲಾಸಿನಲ್ಲೂ ಯಾರೂ ನಂಬಿಲ್ಲ. ಹದಿನಾರನೇ ವಯಸ್ಸಿಗೆ, ಒಂದೇ ಒಂದು ಮರದ ಗಿಣಿ ಇಟ್ಟುಕೊಂಡು, ಮರ ಕೆತ್ತುವ, ಲಾರಿಯಷ್ಟು ಉದ್ದದ ಕಂಪ್ಯೂಟರ್ ಮಿಷಿನ್ನನ್ನು ಸೋಲಿಸಿದವಳು ನಾನು. ಸರಿ, ಮಿಷಿನ್ ಮಂಚದಷ್ಟಿತ್ತು. ನಮ್ಮ ಶಂಕಗಿರಿ ಲಾರಿಗಳ ಊರು, ಇಲ್ಲಿ ಹುಟ್ಟಿದ ನಾವು ಎಲ್ಲವನ್ನೂ ಲಾರಿಯಲ್ಲೇ ಅಳೆಯುತ್ತೇವೆ.

ಅಪ್ಪ ಬಾಗಿಲುಗಳಿಗೆ ಉಳಿಯಲ್ಲಿ ಹೂವು, ಹಕ್ಕಿ ಕೆತ್ತುವವರು. ಸೇಲಂನ ನೇಕಾರರ ಮನೆಯ ಅಜ್ಜಿಯೊಬ್ಬರು ಹೊಸ ಮನೆಯ ತಲೆಬಾಗಿಲಿಗೆ ಹದಿನಾರು ಗಿಣಿ ಬೇಕು ಎಂದಿದ್ದರು. ಅಷ್ಟು ದೊಡ್ಡ ಕೆಲಸ ನಮ್ಮ ಕಡೆ ತಿರುಗಿ ನೋಡಿ ವರ್ಷವಾಗಿತ್ತು. ಆದರೆ ಪಕ್ಕದ ಬೀದಿಯಲ್ಲಿ ಮಿಷಿನ್ ಹಾಕಿ, ಎಲ್ಲರಿಂದ ಮಿಷಿನ್ ಅಣ್ಣ ಎನಿಸಿಕೊಂಡವನೂ ಅದೇ ಕೆಲಸ ಕೇಳಿದ್ದ. ಎರಡು ಕಡೆಯ ಗಿಣಿಯನ್ನೂ ನೋಡಿ ತೀರ್ಮಾನ ಹೇಳಲು ಅಜ್ಜಿ ನಮ್ಮಲ್ಲಿಗೆ ಬಂದಾಗ ಅಪ್ಪ ಪಾಲಕೋಡಿನಲ್ಲಿ ಬಾಗಿಲು ಕೂರಿಸುತ್ತಿದ್ದರು. ಮನೆಯಲ್ಲಿ ಇದ್ದವಳು ನಾನೊಬ್ಬಳೇ.

ಅಪ್ಪ ಹಲಗೆಯ ಮೇಲೆ ಕೆತ್ತಿದ ಮಾದರಿ ಗಿಣಿಯನ್ನು ತಂದು, ನಾವಿಬ್ಬರೂ ಸೇರಿ ಮಾಡಿದ್ದು ಎಂದೆ. ಸುಳ್ಳಲ್ಲ. ಕಣ್ಣು ನನ್ನದು. ಪಕ್ಕಕ್ಕೆ ತಿರುಗಿದ ಗಿಣಿಗೆ ಒಂದೇ ಕಣ್ಣಾದ್ದರಿಂದ, ಅದರ ಎಲ್ಲಾ ಕಣ್ಣುಗಳೂ ನನ್ನವೇ.

ಅಜ್ಜಿಯ ಜೊತೆಗೇ ಬಂದಿದ್ದ ಮಿಷಿನ್ ಅಣ್ಣ ತನ್ನ ಗಿಣಿಯನ್ನು ಪಕ್ಕದಲ್ಲಿಟ್ಟ. ಟೀ ಆರುವಷ್ಟರಲ್ಲಿ ಮಿಷಿನ್ ಅದನ್ನು ಕೆತ್ತಿ ಮುಗಿಸಿತ್ತಂತೆ. ಗರಿಗಳು ಬಾಚಣಿಗೆ ಹಾಕಿ ಬಾಚಿದ ಹಾಗಿದ್ದವು. ಚೆನ್ನಾಗಿತ್ತು, ಅದೇ ನನಗೆ ಹಿಡಿಸಲಿಲ್ಲ.

"ಎರಡೂ ಒಂದೇ ತರ ಐತಲ್ಲ ಮಗಾ," ಅಂದರು ಅಜ್ಜಿ. "ಉಳೀಲೇ ಯಾಕೆ ಮಾಡಿಸ್ಬೇಕು?"

ಕತ್ತಿನ ಹಿಂದೆ ಮುಟ್ಟಿ ನೋಡಿ ಎಂದೆ. ಅಜ್ಜಿ ಮುಟ್ಟಲಿಲ್ಲ. ಚೀಲದಿಂದ ಒಂದೆಳೆ ನೂಲು ತೆಗೆದು ನಮ್ಮ ಗಿಣಿಯ ಕತ್ತಿಗೂ ಹಲಗೆಗೂ ನಡುವಿನ ಸಂದಿಯಲ್ಲಿ ತೂರಿಸಿದರು. ಆ ಕಡೆಯಿಂದ ನೂಲು ಹೊರಗೆ ಬಂತು. ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟೂ ಬಿತ್ತು. ಇನ್ನೊಂದು ಗಿಣಿಯ ಕತ್ತು ಹಲಗೆಗೇ ಅಂಟಿತ್ತು. ನೂಲು ಮೂರು ಸಲ ಜಾರಿ ಕೆಳಗೆ ಬಿತ್ತು.

"ಹಬ್ಬಕ್ಕೆ ಹೂವಿನ ಸರ ಎಲ್ಲಿ ಕಟ್ಟಾದು?"

ಮಿಷಿನ್ನಿನ ಉಳಿ ಮೇಲಿನಿಂದ ಮಾತ್ರ ಇಳಿಯುತ್ತದೆ, ಹಿಂದಕ್ಕೆ ನುಗ್ಗುವುದಿಲ್ಲ ಎಂದು ಅಣ್ಣ ಒಪ್ಪಿಕೊಂಡ. ಬೇಕಾದರೆ ಒಂದು ಮೊಳೆ ಹೊಡೆದುಕೊಡುತ್ತೇನೆ ಎಂದ.

"ಗಿಣಿ ಕತ್ತಿಗೆ ಮೊಳೆನಾ?" ಅಂದರು ಅಜ್ಜಿ.

ಅಲ್ಲಿಗೆ ನಾನು ಗೆದ್ದೆ. ಸುಮ್ಮನಿರಬೇಕಿತ್ತು. ಮುಂದಿನ ತಿಂಗಳೇ ಗೃಹಪ್ರವೇಶ, ಅಷ್ಟರಲ್ಲಿ ಹದಿನಾರೂ ಆಗುತ್ತದಾ ಎಂದು ಅಜ್ಜಿ ಕೇಳಿದರು. ನಾನು ಉಳಿಗೆ ಹೊಡೆಯುವ ಅಪ್ಪನ ಕೊಡತಿಯನ್ನು ಹೆಗಲ ಮೇಲಿಟ್ಟುಕೊಂಡು, "ಹತ್ತೇ ದಿನ ಅಜ್ಜಿ. ನಾನು ಸ್ಕೂಲಿಗೆ ಲೀವ್ ಹಾಕಿದ್ರೆ ಎಂಟು," ಎಂದೆ.

ಆಗ ಅಪ್ಪ ಉಪಕರಣದ ಚೀಲ ಹೊತ್ತುಕೊಂಡು ಒಳಗೆ ಬಂದರು. ಎಷ್ಟು ಹೊತ್ತಿನಿಂದ ಬಾಗಿಲಲ್ಲಿದ್ದರೋ.

"ಮೂರು ತಿಂಗ್ಳಾಗ್ತೈತಮ್ಮ," ಅಂದರು. "ಸರದ ಎರಡು ತುದಿ ಕಟ್ಟಾಕೆ ಎರಡು ಗಿಣಿ ಸಾಕಲ್ಲ. ಅವೆರಡೂ ನಾನು ಕೆತ್ತಿಕೊಡ್ತೀನಿ. ಮಿಕ್ಕಿದ್ ಹದಿನಾಲ್ಕು ಇವನ ಮಿಷಿನ್ನಾಗೆ ಆಗ್ಲಿ."

ಅಜ್ಜಿ ನೂಲನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ತಲೆಯಾಡಿಸಿದರು. ನಾವು ಆಗಲೇ ಗೆದ್ದಿದ್ದೆವು ಎಂದು ನಾನು ಅಪ್ಪನ ಕಿವಿಯಲ್ಲಿ ಹೇಳಿದೆ. ಅವರು ಕೊಡತಿಯನ್ನು ಕಿತ್ತುಕೊಂಡು, ನನ್ನ ಕೈಗೆ ಮರ ಉಜ್ಜಿ ನಯ ಮಾಡುವ ಉಪ್ಪುಕಾಗದದ ಒಂದು ಕಟ್ಟು ಕೊಟ್ಟು, ಅಣ್ಣನ ಕಡೆ ತಿರುಗಿದರು.

"ಮಿಷಿನ್ ಗಿಣಿ ಉಜ್ಜಾಕೆ ಆಳು ಬೇಕಲ್ಲ ನಿನಗೆ? ಇವಳನ್ನ ಕರ್ಕೊಂಡ್ ಹೋಗು. ಎಂಟು ದಿನದಾಗೆ ಮುಗಿಸ್ತಾಳಂತೆ."